ಸಮುದ್ರಕ್ಕೆ ಬೆನ್ನು ಹಾಕಿದ ಮನೆ

ಅಲ್ಕೆಮಾವ್, ಚಿಲೊಯೆ ದ್ವೀಪ
೧೧ ಮಾರ್ಚ್ ೧೯೬೨

ನನ್ನ ಎರ್ಮೆಲಿಂದಾ,

ನಿನ್ನ ಎರಡು ಕಾಗದಗಳೂ ಒಲೆಯ ಮೇಲಿನ ಹಲಗೆಯಲ್ಲಿ ಕೂತು ನನ್ನನ್ನೇ ನೋಡುತ್ತಿವೆ. ಉತ್ತರ ತಡವಾಯಿತೆಂದು ಬೈಯಬೇಡ. ಹಗ್ಗ ಎಳೆದೆಳೆದು ಅಂಗೈ ಸುಲಿದುಹೋಗಿತ್ತು, ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಇದು ಅರ್ಧ ನಿಜ. ಇನ್ನರ್ಧ, ಎಲ್ಲಿಂದ ಶುರು ಮಾಡುವುದೆಂದು ತೋಚಲಿಲ್ಲ. ಆಸ್ಪತ್ರೆಯ ಸೂಪು ಬರೀ ಬಿಸಿನೀರು ಎಂದು ಬರೆದಿದ್ದೀಯ. ಬಿಸಿನೀರಾದರೂ ಕುಡಿ. ಎದೆಯೊಳಗಿನ ಹುಣ್ಣು ಮಾಯುವವರೆಗೆ ಡಾಕ್ಟರ ಮಾತು ಕೇಳು, ಅಲ್ಲಿಯ ಸಿಸ್ಟರುಗಳ ಜತೆ ಜಗಳಕ್ಕೆ ನಿಲ್ಲಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಹಂದಿ ಚೆನ್ನಾಗಿದೆ. ಪಕ್ಕದ ಔದೊಲಿಯಾ ಕೂಡ ಚೆನ್ನಾಗಿದ್ದಾಳೆ, ಅಂದರೆ ಅವಳ ನಾಲಿಗೆ ಚೆನ್ನಾಗಿದೆ.

ನಮ್ಮ ಮರದ ಮನೆಯನ್ನು ಗುಡ್ಡದ ಮೇಲಕ್ಕೆ ಎಳೆದಾಯಿತು. ಇನ್ನು ನೀನು ಹೆದರಬೇಕಾಗಿಲ್ಲ, ಹುಣ್ಣಿಮೆಯ ಉಬ್ಬರಕ್ಕೆ ನೆಲಹಲಗೆಯ ಕೆಳಗೆ ಸಮುದ್ರ ನುಗ್ಗುವುದಿಲ್ಲ. ಅರವತ್ತರ ಭೂಕಂಪದಲ್ಲಿ ದಡ ಕುಸಿದ ಮೇಲೆ ಊರಿನ ಎಲ್ಲರೂ ಕಳೆದ ಬೇಸಿಗೆಯಲ್ಲೇ ಮನೆಗಳನ್ನು ಮೇಲಕ್ಕೆ ಎಳೆಸಿಕೊಂಡರು, ನಮ್ಮದೊಂದೇ ಕಾವಿಗೆ ಕೂತ ಕೋಳಿಯಂತೆ ದಡದಲ್ಲಿ ಉಳಿದಿತ್ತು. ಯಾಕೆ ಉಳಿದಿತ್ತೆಂದು ನಾವಿಬ್ಬರೂ ಬಲ್ಲೆವು. ಆ ಮೇ ತಿಂಗಳ ಅಲೆ ನಮ್ಮ ಹುಡುಗನನ್ನೂ ಅವನು ಹಗ್ಗ ಬಿಗಿದು ಕಟ್ಟಲು ಹೋದ ದೋಣಿಯನ್ನೂ ಒಯ್ದ ದಿನದಿಂದ ನೀನು ಆ ಕಿಟಕಿ ಬಿಟ್ಟು ಏಳಲಿಲ್ಲ. ಕ್ಷಯ ಬಂದು ನಿನ್ನನ್ನು ದ್ವೀಪದಾಚೆಯ ದೊಡ್ಡ ನೆಲದ ಆಸ್ಪತ್ರೆಗೆ ಕರೆದೊಯ್ಯುವಾಗಲೂ ನೀನು ದೋಣಿಯಿಂದ ಕಿಟಕಿಯನ್ನೇ ನೋಡುತ್ತಿದ್ದೆ. ಒಣಗಿದ ಮನೆ ಇದ್ದರೆ ಮಾತ್ರ ಇವಳನ್ನು ಮನೆಗೆ ಕಳಿಸುತ್ತೇನೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲಲ್ಲವೇ ನೀನು ಒಪ್ಪಿದ್ದು. ಅದೂ ಒಂದು ಷರತ್ತಿನ ಮೇಲೆ: ಎಳೆಸು, ಆದರೆ ಅಪ್ಪನ ಗೋಡೆ ಮಳೆಗೆ ಎದುರಾಗಿರಲಿ, ಅದರ ಕಿಟಕಿ ಸಮುದ್ರದ ಕಡೆಗಿರಲಿ.

ಅದನ್ನು ನೀನು ಬರೆಯಬೇಕಾಗಿಯೇ ಇರಲಿಲ್ಲ. ನಮ್ಮಲ್ಲಿ ಮಳೆ ಬರುವುದು ಸಮುದ್ರವಿರುವ ಉತ್ತರದಿಂದ, ಬಿಸಿಲೆಂದು ಏನಾದರೂ ಬಂದರೆ ಅದೂ ಉತ್ತರದಿಂದಲೇ. ನಿನ್ನಪ್ಪ ಆಚೆಯ ಬೆಟ್ಟದಿಂದ ಅಲೆರ್ಸೆ ಮರ ಸೀಳಿ, ಹಂಚಿನಂತೆ ಕತ್ತರಿಸಿ ತಂದು, ಉತ್ತರದ ಗೋಡೆಗೆ ಒಂದರ ಮೇಲೊಂದು ಹೊಡೆದದ್ದು ನಮ್ಮ ಮದುವೆಯ ವರ್ಷ. ಉಳಿದ ಮೂರು ಕಡೆಗೆ ಬರಿಯ ಹಲಗೆ ಸಾಕು ಎಂದಿದ್ದ. ಈ ಲೆಕ್ಕ ಇಲ್ಲಿಯ ಹಸುಗೂಸಿಗೂ ಗೊತ್ತು.

ಕಳೆದ ತಿಂಗಳು ಮನೆಮನೆಗೆ ಹೋಗಿ ಮುಯ್ಯಾಳು ಬೇಡಿದೆ. ಯಾರೂ ಇಲ್ಲವೆನ್ನಲಿಲ್ಲ. ಒಲೆ ಕಳಚಿದೆ, ಹೊಗೆಕೊಳವೆ ಇಳಿಸಿದೆ, ಪಾತ್ರೆಗಳನ್ನು ಹುಲ್ಲಲ್ಲಿ ಸುತ್ತಿದೆ. ನಮ್ಮ ಹುಡುಗನ ಧರ್ಮತಂದೆ ಒನೋಫ್ರೆಯೇ ಕೋಲು ಹಿಡಿದು ಎತ್ತುಗಳ ಮುಂದೆ ನಿಂತ. ಮನೆಯ ಅಡಿಗೆ ದಿಮ್ಮಿ ಕೊಟ್ಟು, ಸರಪಳಿ ಬಿಗಿದು, ಇನ್ನೇನು ಎಳೆಯಬೇಕು, ಅಷ್ಟರಲ್ಲಿ ಔದೊಲಿಯಾ ನಿನ್ನ ಜೆರೇನಿಯಂ ಕುಂಡವನ್ನು ತಬ್ಬಿಕೊಂಡು ಒಳಗೆ ಹೋಗಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು.

"ಇಳಿಯೇ ಮಾರಾಯ್ತಿ, ಮನೆ ಬಿದ್ರೆ ಸಾಯ್ತೀಯ," ಎಂದ ಒನೋಫ್ರೆ.

"ಹೆಂಗಸಿಲ್ಲದ ಮನೆ ಬೀದಿಗೆ ಇಳೀಬಾರ್ದು ಕಣೋ, ದಾರಿ ತಪ್ಪುತ್ತೆ. ಎರ್ಮೆಲಿಂದಾ ಬರೋವರೆಗೂ ನಾನೇ ಇಲ್ಲಿ ಯಜಮಾನಿ. ನೀನು ನಿನ್ನ ಎತ್ತು ನೋಡ್ಕೋ."

ಹಾಗೆ ಅವಳು ನಿನ್ನ ಕಿಟಕಿಯಲ್ಲಿ ರಾಣಿಯ ಹಾಗೆ ಕೂತು ಊರಿನ ಮಧ್ಯೆ ಮೆರವಣಿಗೆ ಹೊರಟಳು. ಮನೆ ನರಳುತ್ತ, ಕಿರುಗುಟ್ಟುತ್ತ ಗುಡ್ಡ ಹತ್ತಿತು. ಹಳ್ಳದ ಬಳಿ ನೆಲ ಮೆತ್ತಗಿತ್ತು, ಅಲ್ಲಿ ಮನೆಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು ದಾಟಬೇಕಾಯಿತು. ಅದರಾಚೆ ಎಲ್ಲ ಸರಾಗ. ಸಂಜೆ ಬಿಸಿಗಲ್ಲಿನ ಗುಂಡಿಯಲ್ಲಿ ಬೇಯಿಸಿ ತೆಗೆದ ಮಾಂಸ, ಚಿಪ್ಪುಮೀನು, ಆಲೂಗಡ್ಡೆ ರೊಟ್ಟಿ ಎಲ್ಲರಿಗೂ ಹೊಟ್ಟೆ ಬಿರಿಯುವಷ್ಟು ಆಯಿತು. ಸೇಬಿನ ಮದ್ಯ ಸ್ವಲ್ಪ ಬೇಗ ಮುಗಿಯಿತು, ಅದೊಂದು ಮಾತು ಬಂತು.

ಕಿಟಕಿಯ ವಿಷಯ ಕೇಳಿದ್ದೀಯ. ಗಾಜಿಗೆ ಒಂದು ಗೀರೂ ಬಿದ್ದಿಲ್ಲ. ಮನೆ ನೆಟ್ಟಗೆ ಕೂತಿದೆ, ಬಾಗಿಲು ಮೊದಲಿಗಿಂತ ಸಲೀಸಾಗಿ ಮುಚ್ಚುತ್ತದೆ. ಚೆನ್ನಾಗಿ ನಿದ್ದೆ ಮಾಡು. ಕಂದೆಲಾರಿಯಾದ ದೇವಮಾತೆ ನಿನ್ನ ತಲೆ ಕಾಯಲಿ.

ನಿನ್ನ
ಕ್ಲೊದೊಮಿರೊ

ತಾ.ಕ.: ಜೆರೇನಿಯಂ ಒಂದು ಮೊಗ್ಗು ಬಿಟ್ಟಿದೆ.


ಅಲ್ಕೆಮಾವ್
೧೭ ಜೂನ್ ೧೯೬೨

ನನ್ನ ಎರ್ಮೆಲಿಂದಾ,

ಎರಡು ಸಲ ಅಂಚೆಯ ದೋಣಿ ಬಂದುಹೋಯಿತು, ಎರಡು ಸಲವೂ ಬರಿಗೈಯಲ್ಲಿ ದಡಕ್ಕೆ ಹೋಗಿ ನಿಂತು ವಾಪಸು ಬಂದೆ. ಕ್ಷಮಿಸು ಎಂದು ಎಷ್ಟು ಸಲ ಬರೆದರೆ ನಡೆಯುತ್ತದೋ ಅಷ್ಟೂ ಸಲ ಬರೆದೆನೆಂದು ತಿಳಿದುಕೋ. ನಿನ್ನ ತೂಕ ಏರಿದೆ, ಕೆಮ್ಮಿನಲ್ಲಿ ರಕ್ತ ಕಾಣುತ್ತಿಲ್ಲ ಎಂದು ಓದಿ ನೆಮ್ಮದಿಯಾಯಿತು. ಆ ಕಾಗದವನ್ನು ಔದೊಲಿಯಾಗೆ ಓದಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಆಮೇಲೆ ನನ್ನನ್ನು ನೋಡಿ, "ನಿನ್ನ ಮುಖ ಯಾಕೆ ಹುಳಿ ತಿಂದ ಹಾಗಿದೆ?" ಎಂದಳು.

ಯಾಕೆಂದರೆ ಅದೇ ಕಾಗದದ ಕೊನೆಯಲ್ಲಿ ನೀನು ಬರೆದಿದ್ದೆ: ಕಿಟಕಿ ಒಡೆದಿದೆಯೇ ಎಂದು ನಾನು ಕೇಳಲಿಲ್ಲ ಕ್ಲೊದೊ, ಯಾವ ಕಡೆಗಿದೆ ಎಂದು ಕೇಳಿದ್ದೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದಿದ್ದೆ, ನಿಜ. ಇನ್ನು ಇಡುವುದಿಲ್ಲ. ಮನೆ ಹಿಂದುಮುಂದಾಗಿ ಕೂತಿದೆ ಎರ್ಮೆಲಿಂದಾ. ಹಳ್ಳ ದಾಟುವಾಗ ತಿರುಗಿಸಿದ ಮನೆಯನ್ನು ಮೇಲೆ ಬಂದ ಮೇಲೆ ಮತ್ತೆ ತಿರುಗಿಸಿ ಇಳಿಸಬೇಕಿತ್ತು, ಇಳಿಸಲಿಲ್ಲ. ನಿನ್ನಪ್ಪನ ಗೋಡೆ ಈಗ ಗುಡ್ಡದ ಕಡೆ ನೋಡುತ್ತ ಒಣಗಿ ನಿಂತಿದೆ. ಅದರ ಕಿಟಕಿಯಿಂದ ಕಾಣುವುದು ಆಲೂಗಡ್ಡೆ ಮಡಿ ಮತ್ತು ಹಂದಿ. ಬಾಗಿಲಿರುವ ಬರಿಹಲಗೆಯ ಗೋಡೆ ಉತ್ತರಕ್ಕೆ ಎದೆ ಕೊಟ್ಟಿದೆ. ಎತ್ತುಗಳು ಸೋತಿದ್ದವು, ಕತ್ತಲಾಗುತ್ತಿತ್ತು. ಮದ್ಯವೂ ಮುಗಿದು ಜನ ಊಟಕ್ಕೆ ಕಾತರಿಸುತ್ತಿದ್ದರು. ಒನೋಫ್ರೆಯ ಎತ್ತುಗಳ ವಿಷಯ ನಿನಗೆ ಗೊತ್ತಲ್ಲ, ಹೊತ್ತು ಮುಳುಗಿದರೆ ಅವು ಬಿಷಪ್ಪರು ಬಂದು ಕೈಮುಗಿದರೂ ಹೆಜ್ಜೆ ಎತ್ತುವುದಿಲ್ಲ. ಹಾಗೆ ಆಯಿತು.

ಮೊದಲ ಮಳೆಗಳಿಗೆ ಅಷ್ಟೇನೂ ಗೊತ್ತಾಗಲಿಲ್ಲ. ಮೇ ತಿಂಗಳಲ್ಲಿ ಉತ್ತರದ ಗಾಳಿ ಶುರುವಾಯಿತು ನೋಡು, ಹಲಗೆಗಳ ಸಂದಿಯಿಂದ ನೀರು ಒಳಗೆ ಉಗುಳತೊಡಗಿತು. ಬಾಗಿಲು ತೆಗೆದರೆ ಮಳೆ ನನಗಿಂತ ಮೊದಲು ಒಳಗೆ ಬರುತ್ತದೆ. ನಮ್ಮ ಮಂಚ ಇರುವುದೂ ಅದೇ ಗೋಡೆಗೆ. ಹಾಸಿಗೆ ಎತ್ತಿದರೆ ಅಡಿಯಲ್ಲಿ ಹಸಿರು ಬೂಷ್ಟು. ನಿನ್ನ ಉಣ್ಣೆಯ ಕಂಬಳಿಗಳನ್ನು ಒಲೆಯ ಮೇಲೆ ತೂಗುಹಾಕಿದ್ದೇನೆ, ಅವು ಹೊಗೆ ಹಿಡಿದ ಮೀನಿನ ವಾಸನೆ ಬೀರುತ್ತಿವೆ.

ಊರಿಗೆ ಊರೇ ನನ್ನನ್ನು ಆಡಿಕೊಂಡಿದೆ. ಪೂಜೆ ಮುಗಿಸಿ ಬರುವಾಗ ಯಾರೋ, "ಏನಯ್ಯಾ ಕ್ಲೊದೊಮಿರೊ, ನಿನ್ನ ಮನೆ ಕೋಟನ್ನ ಬೆನ್ನಿಗೆ ಹಾಕ್ಕೊಂಡು ಎದೆ ಬಿಟ್ಕೊಂಡು ನಿಂತಿದೆಯಲ್ಲ, ಯಾರ ಮೇಲೆ ಜಗಳಕ್ಕೆ ಹೋಗೋಕೆ?" ಎಂದರು. ಇನ್ನೊಬ್ಬ, "ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ," ಎಂದ. ಎಲ್ಲರ ಜತೆ ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು.

ಈಗ ಕೇಳು, ಇದಕ್ಕಿಂತ ದೊಡ್ಡ ಎಡವಟ್ಟು. ಜೀವಮಾನವಿಡೀ ದೋಣಿಯ ಸಂದುಗಳಿಗೆ ನಾರು ತುರುಕಿ ಡಾಂಬರು ಬಳಿದು ಬದುಕಿದವನು ನಾನು. ಗೋಡೆ ಏನು ಮಹಾ ಎಂದುಕೊಂಡೆ. ಪ್ರತಿ ಸಂದಿಗೂ ನಾರು ಜಡಿದೆ, ಮೇಲಿನಿಂದ ಕೆಳಗಿನವರೆಗೆ ಕಪ್ಪಗೆ ಡಾಂಬರು ಹೊಡೆದೆ. ಎದೆ ತಟ್ಟಿಕೊಂಡು ಔದೊಲಿಯಾಳನ್ನು ಕರೆದು ತೋರಿಸಿದೆ.

"ಚೆನ್ನಾಗಿದೆ," ಎಂದಳು. "ಇನ್ನೊಂದು ಸಲ ಆ ಅಲೆ ಬಂದ್ರೆ ನಿನ್ನ ಮನೆ ತೇಲುತ್ತೆ. ಅಲ್ಲೀವರೆಗೆ ಒಳಗೆ ಹೇಗಿರ್ತೀಯ?"

ಹದಿನೈದು ದಿನಕ್ಕೆ ಅವಳ ಮಾತೇ ನಿಜವಾಯಿತು. ದೋಣಿ ಸದಾ ನೀರಿನಲ್ಲಿರುವಂಥದ್ದು, ಅದರ ಹಲಗೆ ಉಬ್ಬಿ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಗೋಡೆಯ ಜಾಯಮಾನ ಬೇರೆ. ಅದು ನೆನೆಯಬೇಕು, ಆಮೇಲೆ ಒಣಗಬೇಕು. ನಿನ್ನಪ್ಪನ ಹಂಚುಗಳು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಕೂತು ನೀರನ್ನು ಜಾರಿಸುತ್ತವೆ, ಸಂದಿನಲ್ಲಿ ಗಾಳಿಯನ್ನೂ ಓಡಾಡಲು ಬಿಡುತ್ತವೆ. ನನ್ನ ಡಾಂಬರು ಒಳಗಿನ ಹಬೆಯನ್ನೂ ಒಲೆಯ ಉಸಿರನ್ನೂ ಹಿಡಿದಿಟ್ಟಿತು. ಈಗ ಮಳೆ ಇಲ್ಲದ ದಿನವೂ ಗೋಡೆ ಒಳಮುಖವಾಗಿ ಬೆವರುತ್ತದೆ. ಕೈ ಇಟ್ಟರೆ ಜ್ವರದವರ ಹಣೆ ಮುಟ್ಟಿದ ಹಾಗಿದೆ. ನಿನ್ನ ಹಣೆ ನೆನಪಾಗಿ ಕೈ ತೆಗೆದುಬಿಟ್ಟೆ.

ಹಂಚುಗಳನ್ನೇ ಕಿತ್ತು ಈ ಕಡೆಗೆ ಹೊಡೆದರೆ ಹೇಗೆ ಎಂದು ಒಂದಕ್ಕೆ ಉಳಿ ಹಾಕಿದೆ. ಮೊಳೆಯ ಬಳಿ ಸೀಳಿಹೋಯಿತು. ಇನ್ನೊಂದು, ಅದೂ ಸೀಳಿತು. ಗೋಡೆಯ ಮೇಲೆ ನೂರು ವರ್ಷ ಬಾಳುವಂಥದ್ದು ಕೀಳಲು ಹೋದರೆ ಬಿಸ್ಕತ್ತು. ಆ ತುಂಡುಗಳನ್ನು ಒಲೆಗೆ ಹಾಕಲು ಮನಸ್ಸು ಬರಲಿಲ್ಲ, ನಿನ್ನಪ್ಪ ಒಲೆಯೊಳಗಿಂದ ಕೇಳಿಯಾನು ಎನಿಸಿತು. ಮಾಡಿದ್ದುಣ್ಣೋ ಮಹಾರಾಯ.

ಇದನ್ನೆಲ್ಲ ಓದಿ ಎದೆ ಕೆಡಿಸಿಕೊಳ್ಳಬೇಡ. ವಸಂತದೊಳಗೆ ಏನಾದರೂ ಮಾಡುತ್ತೇನೆ. ಸಂತ ಯೋಹಾನನ ರಾತ್ರಿ ನಿನ್ನ ಹೆಸರಿನಲ್ಲಿ ಶಕುನ ನೋಡಲು ಮೂರು ಆಲೂಗಡ್ಡೆ ಮಂಚದ ಕೆಳಗೆ ಉರುಳಿಸುತ್ತೇನೆ, ಒಳ್ಳೆಯದೇ ಬರಲಿ.

ನಿನ್ನ ದಡ್ಡ
ಕ್ಲೊದೊಮಿರೊ

ತಾ.ಕ.: ಜೆರೇನಿಯಂ ಬಿಸಿಲಿಲ್ಲದೆ ಬಿಳಿಚಿಕೊಂಡಿದೆ. ಔದೊಲಿಯಾ ತನ್ನ ಮನೆಗೆ ಒಯ್ದಳು.


ಅಲ್ಕೆಮಾವ್
೯ ಸೆಪ್ಟೆಂಬರ್ ೧೯೬೨

ನನ್ನ ಎರ್ಮೆಲಿಂದಾ,

ಈ ಸಲ ತಡಮಾಡಲಿಲ್ಲ, ನಿನ್ನ ಕಾಗದ ಬಂದ ವಾರದಲ್ಲೇ ಬರೆಯುತ್ತಿದ್ದೇನೆ. ಅಕ್ಟೋಬರಿನ ಮೊದಲ ದೋಣಿಗೆ ನಿನ್ನನ್ನು ಬಿಡುತ್ತಾರೆ ಎಂಬ ಸಾಲನ್ನು ನಿಂತು ಒಮ್ಮೆ, ಕೂತು ಒಮ್ಮೆ ಓದಿದೆ. ಅದರ ಕೆಳಗಿನ ಸಾಲನ್ನೂ ಓದಿದೆ: ಮನೆ ಒಣಗಿದೆ ಎಂದು ಡಾಕ್ಟರಿಗೆ ಹೇಳಿಬಿಟ್ಟೆ ಕ್ಲೊದೊ, ನನ್ನನ್ನು ಸುಳ್ಳಿ ಮಾಡಬೇಡ, ಗೋಡೆ ಹೇಗಿದ್ದರೂ ನಾನಂತೂ ಬರುತ್ತೇನೆ.

ಸುಳ್ಳ ನಾನು, ಸುಳ್ಳಿಯ ಪಟ್ಟ ನಿನಗೆ.

ನೀನು ಇನ್ನೊಂದು ಕಾಗದ ಒನೋಫ್ರೆಯ ಹೆಂಡತಿಗೂ ಬರೆದಿದ್ದೀಯ ಎಂದು ನನಗೆ ಗೊತ್ತಾದದ್ದು ಹೇಗೆ ಗೊತ್ತೇ? ಒನೋಫ್ರೆ ಕೋಲು ಸಮೇತ ನನ್ನ ಬಾಗಿಲಿಗೆ ಬಂದು ನಿಂತ. ಹಿಂದೆಯೇ ಮಳೆಯೂ ಬಂತು. ಒಳಗೆ ಬಾ ಎಂದೆ, ಬರಲಿಲ್ಲ.

"ನನ್ನ ಎತ್ತುಗಳು ನಿನ್ನ ಮನೇನ ಅಡ್ಡಾದಿಡ್ಡಿ ನಿಲ್ಲಿಸಿದ್ವಂತೆ. ನಿನ್ನ ಹೆಂಡ್ತಿ ಬರೆದಿದ್ದಾಳೆ. ಬಾಯಿಲ್ಲದ ಪ್ರಾಣಿ ಮೇಲೆ ಹೊರೆ ಹಾಕ್ತೀಯೇನೋ?"

"ಹೊತ್ತು ಮುಳುಗಿತ್ತು ಒನೋಫ್ರೆ."

"ಹೊತ್ತಿತ್ತು. ಸೂರ್ಯ ಗುಡ್ಡದ ಮೇಲೆ ಒಂದು ಮಾರು ಇತ್ತು. ಸರಪಳಿ ಮೂಲೆಗೆ ಕಟ್ಟಿ ರೆಡಿ ಮಾಡ್ಕೊಂಡು 'ತಿರುಗಿಸ್ಲಾ?' ಅಂದೆ. 'ಸಾಕು' ಅಂದೆ ನೀನು. ಕೇಳಿಸ್ಲಿಲ್ವೇನೋ ಅಂತ ಮತ್ತೆ ಕೇಳಿದೆ. 'ಸಾಕು ಅಂದ್ನಲ್ಲ, ಇಳಿಸು' ಅಂತ ಗದರಿದೆ. ನಿನ್ನ ಮನೆ, ನಿನ್ನ ಇಷ್ಟ ಅಂತ ಸುಮ್ಮನಾದೆ. ಈಗ ನೋಡಿದ್ರೆ ಲುಸೆರೋನ ಹೆಸರು ಕೆಡಿಸ್ತಾ ಇದ್ದೀಯ."

ಲುಸೆರೋ ಅವನ ಬಲಗಡೆಯ ಎತ್ತು, ನಿನಗೆ ಗೊತ್ತಲ್ಲ. ಮಕ್ಕಳಿಲ್ಲದ ಒನೋಫ್ರೆಗೆ ನಮ್ಮ ಹುಡುಗ ಹೋದ ಮೇಲೆ ಇರುವುದು ಅದೊಂದೇ. ನಿನಗೆ ಬರೆದದ್ದು ಸುಳ್ಳು ಎರ್ಮೆಲಿಂದಾ, ಎತ್ತುಗಳು ಸೋತಿರಲಿಲ್ಲ. ಮನೆಯನ್ನು ಹಾಗೇ ಇಳಿಸಲು ಹೇಳಿದವನು ನಾನು.

"ಯಾಕೆ?" ಎಂದು ಒನೋಫ್ರೆ ಕೇಳಿದ.

ಅವನಿಗೆ ಕೊಟ್ಟ ಉತ್ತರವನ್ನೇ ನಿನಗೂ ಬರೆಯುತ್ತೇನೆ. ಆ ಕಿಟಕಿಯ ಬಳಿ ಎರಡು ಚಳಿಗಾಲ ಕೂತೇ ನಿನ್ನ ಎದೆ ಕೆಟ್ಟದ್ದು. ತಣ್ಣಗಿನ ಗಾಜಿಗೆ ಹಣೆ ಒತ್ತಿಕೊಂಡು ಬೆಳಗಿನಿಂದ ಕತ್ತಲವರೆಗೆ. ನೀನು ವಾಪಸು ಬಂದರೆ ಮತ್ತೆ ಅಲ್ಲೇ ಕೂರುತ್ತೀಯ. ಕಿಟಕಿಯಾಚೆ ಸಮುದ್ರ ಇಲ್ಲದಿದ್ದರೆ ಕೂರುವುದಿಲ್ಲ, ಒಲೆಯ ಬಳಿಗೆ ಬರುತ್ತೀಯ, ಹುಷಾರಾಗುತ್ತೀಯ ಎಂದುಕೊಂಡೆ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೆ.

ಒನೋಫ್ರೆ ಕೋಲಿನ ತುದಿಯಿಂದ ನನ್ನ ಡಾಂಬರಿನ ಗೋಡೆ ತಟ್ಟಿ ನೋಡಿದ. ಆಮೇಲೆ, "ಒಳ್ಳೇದಕ್ಕೆ ಅಂತ ಮಾಡಿ ಅವಳ ಮಂಚದ ಪಕ್ಕಕ್ಕೆ ಮಳೆ ತಂದು ಇಟ್ಟೆ," ಎಂದ. "ಹೋಗು, ಎಲ್ಲರ ಮನೆಗೂ ಹೋಗಿ ಬೇಡು. ನಾನು ಎತ್ತು ತರ್ತೀನಿ. ಆದ್ರೆ ಲುಸೆರೋ ತಪ್ಪು ಮಾಡ್ಲಿಲ್ಲ ಅಂತ ಪ್ರತಿ ಮನೇಲೂ ಹೇಳ್ಬೇಕು."

ಒಂದೇ ಮನೆಗೆ ಎರಡು ಸಲ ಮುಯ್ಯಾಳು ಬೇಡಿದವರನ್ನು ನಾನು ಕಂಡಿಲ್ಲ, ನನ್ನಪ್ಪನೂ ಕಂಡಿರಲಿಲ್ಲ. ಆದರೂ ಹೋದೆ. ಪ್ರತಿ ಮನೆಯಲ್ಲೂ ಟೋಪಿ ತೆಗೆದು, ಬೆಂಚಿನ ತುದಿಯಲ್ಲಿ ಕೂತು, ಮೊದಲು ದನಕರು ಮಳೆಬೆಳೆ ವಿಚಾರಿಸಿ, ಆಮೇಲೆ, ದೊಡ್ಡದೊಂದು ಬೇಡಿಕೆ ತಂದಿದ್ದೇನೆ ಎಂದೆ. ಎಲ್ಲರಿಗೂ ಮೊದಲೇ ಸುದ್ದಿ ಮುಟ್ಟಿತ್ತು, ಆದರೂ ನನ್ನ ಬಾಯಿಂದಲೇ ಕೇಳಬೇಕೆಂಬ ಆಸೆ. ಮನೆಯನ್ನು ಮತ್ತೆ ತಿರುಗಿಸಬೇಕು, ತಪ್ಪು ಎತ್ತಿನದಲ್ಲ, ನನ್ನದು ಎಂದು ಹೇಳುತ್ತ ಹೋದೆ. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮುದುಕಿಯೊಬ್ಬಳು ನನ್ನ ಕೈಗೆ ಬಿಸಿ ಸಾರಿನ ಬಟ್ಟಲು ಕೊಟ್ಟು, "ಎರ್ಮೆಲಿಂದಾಗೆ ಅಂತ ಬರ್ತೀವಿ ಕಣಪ್ಪಾ, ನಿನಗೆ ಅಂತ ಅಲ್ಲ," ಎಂದಳು.

ಔದೊಲಿಯಾಳ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವಳು ಉಣ್ಣೆ ನೂಲುತ್ತಿದ್ದಳು, ತಲೆ ಎತ್ತಲಿಲ್ಲ. "ಯಾರೋ ಕೆಲವರು," ಎಂದಳು, "ಹೆಂಡ್ತಿ ಎದೆಗೆ ಒಳ್ಳೇದು ಅಂತ ಮನೇನೇ ತಿರುಗಿಸ್ತಾರಂತೆ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು, "ಅದರಲ್ಲಿ ತಪ್ಪೇನು?" ಎಂದೆ.

"ನಾನು ಏನಂದೆ? ಅವತ್ತು ಕಿಟಕಿ ಒಳಗೆ ಕೂತವಳು ನಾನು. ಒನೋಫ್ರೆ ಹೊರಗೆ 'ತಿರುಗಿಸ್ಲಾ' ಅಂದಾಗ ನೀನು ಅವನ ಮುಖ ನೋಡ್ಲಿಲ್ಲ, ಕಿಟಕೀಲಿದ್ದ ನನ್ನ ಬೆನ್ನು ನೋಡ್ತಿದ್ದೆ. ಗಾಜಿನ ಆಚೆ ಗುಡ್ಡ ನೋಡ್ತಾ ನಾನು ಆ ಕಡೆ ತಿರುಗಿಕೊಂಡಿದ್ದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ಮುಖ ಗಾಜಲ್ಲಿ ಕಾಣ್ತಿತ್ತು. ಅದು ಹೆಂಡ್ತಿ ಆರೋಗ್ಯದ ಬಗ್ಗೆ ಯೋಚ್ನೆ ಮಾಡೋ ಗಂಡಸಿನ ಮುಖ ಅಲ್ಲ."

ನೂಲು ಸುತ್ತಿಟ್ಟಳು. ಬರುತ್ತೇನೆ, ಆಲೂಗಡ್ಡೆ ರೊಟ್ಟಿ ತಾನೇ ತಟ್ಟುತ್ತೇನೆ ಎಂದಳು.

ಬರುವ ಶನಿವಾರ ಗೊತ್ತಾಗಿದೆ. ಆಮೇಲೆ ಡಾಂಬರು ಕೆರೆಯಬೇಕು, ಕೊಳೆತ ನಾಲ್ಕು ಹಲಗೆ ಬದಲಿಸಬೇಕು, ಒಲೆಯನ್ನು ಹಗಲೂ ರಾತ್ರಿ ಉರಿಸಿ ಗೋಡೆ ಒಣಗಿಸಬೇಕು. ನೀನು ಬರುವುದರೊಳಗೆ ಪೂರ್ತಿ ಒಣಗುತ್ತದೆ ಎಂದು ಆಣೆ ಮಾಡಲಾರೆ. ಬೂಷ್ಟಿನ ವಾಸನೆ ಸ್ವಲ್ಪ ಇರಬಹುದು. ನಿನ್ನನ್ನು ಸುಳ್ಳಿ ಮಾಡಬಾರದೆಂದು ಮಾಡುವಷ್ಟನ್ನೂ ಮಾಡುತ್ತೇನೆ. ದೋಣಿಯಲ್ಲಿ ಗಾಳಿಯ ಕಡೆ ಕೂರಬೇಡ, ಎದೆಗೆ ಕಂಬಳಿ ಸುತ್ತಿಕೋ. ಕಂದೆಲಾರಿಯಾದ ತಾಯಿ ನಿನ್ನ ದೋಣಿಯ ಮುಂದೆ ಮುಂದೆ ನಡೆದು ಬರಲಿ, ಸಮುದ್ರ ನಿನಗಾದರೂ ದಾರಿ ಬಿಡಲಿ.

ನಿನ್ನ ದಾರಿ ಕಾಯುತ್ತಿರುವ
ಕ್ಲೊದೊಮಿರೊ

ತಾ.ಕ.: ಇವತ್ತು ಭಾನುವಾರ. ವಾರವಿಡೀ ಗಾಳಿಗೆ ಅಂಚೆಯ ದೋಣಿ ಬರಲಿಲ್ಲ, ಕಾಗದ ನನ್ನ ಬಳಿಯೇ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು.

ನಿನ್ನೆ ಮನೆ ತಿರುಗಿತು. ಈ ಸಲ ಒನೋಫ್ರೆ ನನ್ನನ್ನು ಏನೂ ಕೇಳಲಿಲ್ಲ, ಕೋಲೆತ್ತಿ ಲುಸೆರೋನನ್ನು ಕರೆದ, ಅಷ್ಟೆ. ಮಧ್ಯಾಹ್ನದೊಳಗೆ ನಿನ್ನಪ್ಪನ ಗೋಡೆ ಉತ್ತರಕ್ಕೆ ಬಂತು. ಊಟ ಆಗುವಾಗ ಮಳೆ ಶುರುವಾಯಿತು, ನೀರು ಹಂಚಿನಿಂದ ಹಂಚಿಗೆ ಜಾರುತ್ತ ಹೋಯಿತು. ಒಳಗೆ ಒಂದು ಹನಿ ಇಲ್ಲ. ಎಲ್ಲರೂ ಎದ್ದು ಬಂದು ಆ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು.

ಎಲ್ಲರೂ ಹೋದ ಮೇಲೆ ಕಿಟಕಿಯ ಬಳಿ ನಿನ್ನ ಕುರ್ಚಿಯಲ್ಲಿ ಕೂತೆ. ಎರಡು ವರ್ಷದಲ್ಲಿ ನಾನು ಅದರಲ್ಲಿ ಕೂತದ್ದು ಅದೇ ಮೊದಲು. ಗುಡ್ಡದ ಮೇಲಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ, ಮನೆ ಮೊದಲು ನಿಂತಿದ್ದ ನಮ್ಮ ಹಳೆಯ ಕಂಬಗಳು, ಅವನು ದೋಣಿ ಕಟ್ಟಲು ಓಡಿದ ಕಲ್ಲಿನ ದಡ, ಅದರಾಚೆಯ ನೀರು. ನಿಬಾಲ್ದೊ ಎಂದು ಬರೆಯುತ್ತಿದ್ದೇನೆ. ಅವನು ಹೋದ ಮೇಲೆ ಈ ಮನೆಯಲ್ಲಿ ನಾವು ಆ ಹೆಸರನ್ನು ಒಮ್ಮೆಯೂ ಆಡಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹಿಂದಿನಿಂದ ಯಾರೋ ಭುಜ ಅಲುಗಿಸಿದರು. ಔದೊಲಿಯಾ. "ಬಾಗಿಲಲ್ಲಿ ನಿಂತು ಆಗಿಂದ ಕೂಗ್ತಾ ಇದ್ದೀನಿ, ಕಿವಿ ಹೋಯ್ತಾ? ಸಾರು ಆರಿಹೋಯ್ತು," ಎಂದಳು. ನನಗೆ ಏನೂ ಕೇಳಿಸಿರಲಿಲ್ಲ ಎರ್ಮೆಲಿಂದಾ. ದೇವರಾಣೆ ಕೇಳಿಸಿರಲಿಲ್ಲ.

ನಿನ್ನ ಎದೆಗೆ ಒಳ್ಳೆಯದೆಂದು ಮಾಡಿದೆ ಎಂದು ಮೇಲೆ ಬರೆದಿದ್ದೇನೆ. ಅದೂ ಸುಳ್ಳು. ನಿನ್ನ ಎದೆಯ ನೆನಪೇ ನನಗೆ ಆ ಗಳಿಗೆಯಲ್ಲಿ ಇರಲಿಲ್ಲ. ಎರಡು ಚಳಿಗಾಲ ನಾನು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಾಗಲೆಲ್ಲ ನನಗೆ ಕಂಡದ್ದು ನಿನ್ನ ಬೆನ್ನು. ಬಂದೆ ಎಂದರೂ ನೀನು ತಿರುಗಲಿಲ್ಲ. ಹಸಿವು ಎಂದರೂ ತಿರುಗಲಿಲ್ಲ. ಒಮ್ಮೆ ಬೇಕೆಂದೇ ಬಟ್ಟಲು ಒಡೆದೆ, ಆಗಲೂ ತಿರುಗಲಿಲ್ಲ. ಅಲೆ ಬಂದಾಗ ಗುಡ್ಡದಲ್ಲಿದ್ದು ಬದುಕುಳಿದವನ ಮುಖ ಇವಳಿಗೆ ಬೇಡವಾಗಿದೆ ಎಂದೇ ನಿನ್ನೆಯವರೆಗೂ ಅಂದುಕೊಂಡಿದ್ದೆ. ನಿನ್ನನ್ನು ತಿರುಗಿಸಲು ನನ್ನಿಂದಾಗಲಿಲ್ಲ, ಅದಕ್ಕೆ ಮನೆಯನ್ನು ಹಾಗೆ ಇಳಿಸಿಬಿಟ್ಟೆ. ನಿನಗೆ ಸಾವು ತರಬಹುದಾದ ಮಳೆಯನ್ನು ನಿನ್ನ ಮಂಚದ ಪಕ್ಕಕ್ಕೆ ತಂದು ಇಟ್ಟದ್ದು ಇಷ್ಟಕ್ಕೆ.

ನಿನ್ನ ಕುರ್ಚಿ ಅಲ್ಲೇ ಇದೆ. ಬಂದ ಮೇಲೆ ಬೇಕಾದಷ್ಟು ಹೊತ್ತು ಕೂತುಕೋ, ಕಾಲ ಕೆಳಗೆ ಕೆಂಡದ ಮಡಕೆ ಇಡುತ್ತೇನೆ. ನಾನು ಬಾಗಿಲಿಗೆ ಬಂದರೆ ತಿರುಗಬೇಡ. ಒಳಗೆ ಬಂದು ನಾನೇ ನಿನ್ನ ಪಕ್ಕ ಕೂರುತ್ತೇನೆ.